ಕೇಸ್ ‘ಅಡ್ವಾನ್ಸ್’ ಆಗಿದೆಯಂತೆ. ವಾಯಿದೆ ಮುಂದಕ್ಕೆ ಹೋಯಿತಾ, ಬೇಗ ಬಂತಾ?

ಮಾದಾಪುರದ ಮಳೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಒಂದು ಇಂಗ್ಲಿಷ್ ಪದದಿಂದ ನಮ್ಮ ಮನೆಯಲ್ಲಿ ಎರಡು ಪಕ್ಷ ಆಗಿದೆ. ಗೊತ್ತಿದ್ದವರು ಬೇಗ ಹೇಳಿ.

ನಮ್ಮ ತೋಟದ ಪಾಲಿನ ಕೇಸು ಮಡಿಕೇರಿ ಕೋರ್ಟಿನಲ್ಲಿದೆ. ವಾಯಿದೆ ಫೆಬ್ರವರಿ 26, ಗುರುವಾರ ಇತ್ತು. ನಿನ್ನೆ ಸಂಜೆ ವಕೀಲರ ಆಫೀಸಿನಿಂದ ಚಿಕ್ಕಪ್ಪನ ಫೋನಿಗೆ ಒಂದೇ ಸಾಲಿನ ಮೆಸೇಜು ಬಂತು. ‘ಮ್ಯಾಟರ್ ಅಡ್ವಾನ್ಸ್ಡ್ ಬೈ ಟೂ ವೀಕ್ಸ್. ಬಿ ಪ್ರೆಸೆಂಟ್ ಆನ್ ಟ್ವೆಲ್ತ್.’ ಅಷ್ಟೇ. ತಿಂಗಳ ಹೆಸರಿಲ್ಲ.

ಚಿಕ್ಕಪ್ಪ ಓದಿದವರೇ, “ಅಡ್ವಾನ್ಸ್ ಅಂದ್ರೆ ಮುಂದೆ. ಎರಡು ವಾರ ಮುಂದಕ್ಕೆ ಹೋಗಿದೆ, ಮಾರ್ಚ್ 12” ಅಂದರು. ಹೋಗಿ ರೊಬಸ್ಟಾ ಕಾಫಿ ಕೊಯ್ಲಿಗೆ ಆಳುಗಳಿಗೆ ಹೇಳಿಯೂ ಬಂದರು. ನನಗೆ ಅನುಮಾನ. ಕ್ಯಾಲೆಂಡರ್ ನೋಡಿದರೆ ಇನ್ನೊಂದು ತಮಾಷೆ. 26ರಿಂದ ಎರಡು ವಾರ ಕಳೆದರೂ 12, ಎರಡು ವಾರ ಕೂಡಿಸಿದರೂ 12. ಫೆಬ್ರವರಿಗೆ 28 ದಿನ ಅಲ್ವಾ, ಅದಕ್ಕೆ. ಎರಡೂ ಗುರುವಾರವೇ. ವಕೀಲರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಶನಿವಾರ, ಭಾನುವಾರ ಅವರು ಯಾರಿಗೂ ಸಿಗುವುದಿಲ್ಲ. ಅಜ್ಜಿ ಮಾತ್ರ “ಎರಡು ದಿನವೂ ಹೋಗಿ ಬನ್ನಿ, ಬಸ್ ಚಾರ್ಜು ನಾನು ಕೊಡ್ತೀನಿ” ಅಂತ ಕುಳಿತಿದ್ದಾರೆ.

ನಾನು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ನನ್ನ ಪುಸ್ತಕದಲ್ಲಿ ಅಡ್ವಾನ್ಸ್ ಅಂದರೆ ಸಾಲ. ಪೇಪರಿನಲ್ಲಿ ‘ಮಾನ್ಸೂನ್ ಅಡ್ವಾನ್ಸಸ್’, ‘ರೊಬಸ್ಟಾ ಅಡ್ವಾನ್ಸಸ್’ ಅಂತ ಬರುತ್ತದೆ. ಇದೆಲ್ಲ ಒಂದೇ ಪದವಾ? ಒಂದಕ್ಕೊಂದು ಏನು ಸಂಬಂಧ? ಮೊದಲು 12ರ ವಿಷಯ ಹೇಳಿ, ಉಳಿದದ್ದು ನಿಧಾನಕ್ಕೆ.

---

ನಿವೃತ್ತ ಸುಬೇದಾರ್ ಬರೆದದ್ದು:

ಇದರಲ್ಲಿ ಗೊಂದಲ ಏನಿದೆ? ಅಡ್ವಾನ್ಸ್ ಅಂದರೆ ಮುಂದೆ ನಡೆ. ಸೇನೆಯಲ್ಲಿ ಇದು ಮೊದಲ ಪಾಠ. ಅಡ್ವಾನ್ಸ್, ಅಟ್ಯಾಕ್, ಡಿಫೆನ್ಸ್, ವಿತ್‌ಡ್ರಾಯಲ್. ಶತ್ರು ಇರುವ ಕಡೆಗೆ ಹೋಗುವುದು ಅಡ್ವಾನ್ಸ್, ಬಿಟ್ಟು ಬರುವುದು ವಿತ್‌ಡ್ರಾಯಲ್.

ನಮ್ಮ ಮಡಿಕೇರಿಯಲ್ಲೇ ಹುಟ್ಟಿದ ಜನರಲ್ ತಿಮ್ಮಯ್ಯನವರು 1948ರಲ್ಲಿ ಲಡಾಖ್ ದಾರಿಯ ಜೋಜಿ ಲಾ ಪಾಸಿಗೆ ಟ್ಯಾಂಕ್ ಹತ್ತಿಸಿದರಲ್ಲ, ಅದು ಅಡ್ವಾನ್ಸ್. ಅಷ್ಟು ಎತ್ತರಕ್ಕೆ ಟ್ಯಾಂಕ್ ಬರುತ್ತದೆ ಅಂತ ಎದುರಾಳಿಗಳು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಗುಟ್ಟಾಗಿರಲಿ ಅಂತ ಸ್ಟುವರ್ಟ್ ಟ್ಯಾಂಕುಗಳ ಟರೆಟ್ (ಮೇಲೆ ತಿರುಗುವ ತೋಪಿನ ಭಾಗ) ಬಿಚ್ಚಿ ಸಾಗಿಸಿದ್ದರು. ನವೆಂಬರ್ 1ಕ್ಕೆ ಪಾಸ್ ನಮ್ಮದಾಯಿತು. ಸನ್ನಿ ಸೈಡ್ ಮ್ಯೂಸಿಯಮ್ಮಿಗೆ ಹೋಗದವರು ಒಮ್ಮೆ ಹೋಗಿ. ಅವರ ಮನೆಯೇ ಅದು, ಮಡಿಕೇರಿ ಬಸ್ ಸ್ಟ್ಯಾಂಡಿಗೆ ದೂರವೇನೂ ಇಲ್ಲ.

ಹಾಗಾಗಿ ನಿಮ್ಮ ಚಿಕ್ಕಪ್ಪ ಹೇಳಿದ್ದೇ ಸರಿ. ಮಾರ್ಚ್ 12.

---

ಹಳೇ ಗುಮಾಸ್ತ ಬರೆದದ್ದು:

ತಂಗಿ, ಫೆಬ್ರವರಿ 12. ಮಾರ್ಚ್ ಅಲ್ಲ. ಆಳುಗಳಿಗೆ ಇವತ್ತೇ ಬೇರೆ ದಿನ ಹೇಳಿ. ಸುಬೇದಾರ್ ಸಾಹೇಬರು ಬೇಸರ ಮಾಡಿಕೊಳ್ಳಬಾರದು, ಅವರು ಹೇಳಿದ್ದು ರಣರಂಗಕ್ಕೆ ಸರಿ. ಕೋರ್ಟು ಬೇರೆ ತರಹದ ರಣರಂಗ.

ನಾನು ವಿರಾಜಪೇಟೆಯಲ್ಲಿ ವಕೀಲರ ಹತ್ತಿರ ಗುಮಾಸ್ತನಾಗಿದ್ದವನು. ಡೈರಿ ಬರೆಯುವುದೇ ನನ್ನ ಕೆಲಸ. ಕೋರ್ಟಿನಲ್ಲಿ ಕೇಸ್ ಅಡ್ವಾನ್ಸ್ ಆಯಿತು ಅಂದರೆ ಕೊಟ್ಟ ವಾಯಿದೆಗಿಂತ ಮೊದಲೇ ಕೈಗೆತ್ತಿಕೊಂಡರು ಅಂತ ಅರ್ಥ. ಮುಂದೂಡಿದರೆ ‘ಅಡ್ಜರ್ನ್ಡ್’ ಅಂತ ಬರೆಯುತ್ತಾರೆ. ಆರ್ಡರ್ ಶೀಟಿನಲ್ಲಿ ಈ ಎರಡು ಪದ ಅದಲು ಬದಲಾದದ್ದನ್ನು ನಾನು ನೋಡಿಲ್ಲ. ಕೈಬರಹ ಓದಲು ಬಾರದೆ ಒದ್ದಾಡಿದ್ದೇನೆ, ಅದು ಬೇರೆ ಮಾತು.

ಇನ್ನೊಂದು ವಿಷಯ, ಇದು ಪದದ ಅರ್ಥಕ್ಕಿಂತ ಮುಖ್ಯ. ಕೇಸ್ ಸುಮ್ನೆ ಅಡ್ವಾನ್ಸ್ ಆಗುವುದು ಕಡಿಮೆ. ಸಾಮಾನ್ಯವಾಗಿ ಯಾರೋ ಒಬ್ಬರು ಅರ್ಜಿ ಹಾಕಿರುತ್ತಾರೆ. ಅಡ್ವಾನ್ಸ್‌ಮೆಂಟ್ ಅರ್ಜಿ ಅಂತಲೇ ಅದನ್ನು ಕರೆಯುವುದು. ಸಿವಿಲ್ ಪ್ರೊಸೀಜರ್ ಕೋಡಿನ 151ನೇ ಸೆಕ್ಷನ್ ಹೆಸರು ಹೇಳಿ, ಯಾಕೆ ಅರ್ಜೆಂಟು ಅಂತ ಅಫಿಡವಿಟ್ ಜೊತೆಗಿಟ್ಟು ಹಾಕುತ್ತಾರೆ. ಸಾಕ್ಷಿ ಹೇಳಬೇಕಾದವರು ದುಬೈಗೆ ಹೊರಟಿದ್ದಾರೆ. ಮನೆಯ ಹಿರಿಯರಿಗೆ ಹುಷಾರಿಲ್ಲ. ಎದುರು ಪಾರ್ಟಿ ಮರ ಕಡಿಯುತ್ತಿದ್ದಾನೆ, ತಡೆಯಾಜ್ಞೆ ಬೇಕು. ಇಂಥವು.

ಪಾಲಿನ ಕೇಸುಗಳಲ್ಲಿ ನಾನು ಜಾಸ್ತಿ ಕಂಡದ್ದು ರಾಜಿ. ಅಣ್ಣ ತಮ್ಮಂದಿರು ಯಾರದೋ ಮದುವೆ ಮನೆಯಲ್ಲಿ ಕುಳಿತು ಒಪ್ಪಿಕೊಂಡಿರುತ್ತಾರೆ. ವಾಯಿದೆ ಇನ್ನೂ ತಿಂಗಳಿದೆ. ಅಲ್ಲಿಯವರೆಗೆ ಕಾಯುವ ಧೈರ್ಯ ಯಾವ ವಕೀಲರಿಗೂ ಇರುವುದಿಲ್ಲ. ಅಷ್ಟರಲ್ಲಿ ಒಬ್ಬ ಭಾವ ಬಂದು ತಲೆ ಕೆಡಿಸಿದರೆ ಮುಗಿಯಿತು. ಅದಕ್ಕೇ ಕೇಸ್ ಅಡ್ವಾನ್ಸ್ ಮಾಡಿಸಿ, ಬೋರ್ಡಿಗೆ, ಅಂದರೆ ಅವತ್ತಿನ ಕೇಸುಗಳ ಪಟ್ಟಿಗೆ, ತೆಗೆಸಿ, ಅವತ್ತೇ ರಾಜಿ ಅರ್ಜಿಗೆ ಎಲ್ಲರ ಸಹಿ ಹಾಕಿಸಿಬಿಡುತ್ತಾರೆ. ನಿಮ್ಮ ಕಡೆಯಿಂದ ಅರ್ಜಿ ಹೋಗಿಲ್ಲ ಅಂದರೆ ಎದುರು ಕಡೆಯಿಂದ ಹೋಗಿರಬೇಕು. ಯಾಕೆ ಅಂತ ವಕೀಲರನ್ನು ಕೇಳಿ. ಹೋಗದಿದ್ದರೆ ಕಷ್ಟ. ಕೇಸು ಯಾವ ಹಂತದಲ್ಲಿದೆ ನೋಡಿಕೊಂಡು, ನಿಮ್ಮ ಸಾಕ್ಷ್ಯ ಮುಗಿಯಿತು ಅಂತ ಬರೆದುಬಿಡಬಹುದು. ದಾವೆ ಹಾಕಿದವರೇ ನೀವಾದರೆ ವಜಾ ಕೂಡ ಆಗಬಹುದು.

ವಕೀಲರು ಸಿಗದಿದ್ದರೆ ಇ-ಕೋರ್ಟ್ಸ್ ಆಪ್ ಇದೆ. ನಿಮ್ಮ ಕೇಸಿನ ಯಾವುದಾದರೂ ಕಾಗದದ ಮೇಲೆ 16 ಅಕ್ಷರ, ಅಂಕಿಯ ಸಿಎನ್‌ಆರ್ ನಂಬರ್ ಇರುತ್ತದೆ. ಅದನ್ನು ಹೊಡೆದರೆ ಮುಂದಿನ ದಿನಾಂಕ ತೋರಿಸುತ್ತದೆ. ಕೆಲವೊಮ್ಮೆ ಅಪ್‌ಡೇಟ್ ಆಗುವುದು ಒಂದೆರಡು ದಿನ ತಡ.

ಇನ್ನು ಪದ. ಇಂಗ್ಲಿಷಿನವರನ್ನು ಬೈಯುವ ಮೊದಲು ನಮ್ಮ ‘ಮುಂ’ ನೋಡಿ. ಮುಂಜಾನೆ, ಮುಂಗಾರು, ಮುಂಗಡ, ಮುಂಚೆ, ಮುನ್ನಾದಿನ. ಇವೆಲ್ಲ ಮೊದಲು ಬರುವಂಥವು. ಮುಂದಿನ ವಾರ, ಮುಂದೂಡು, ಇನ್ನು ಮುಂದೆ. ಇವು ಆಮೇಲಿನವು. ಬೇರು ಒಂದೇ, ದಿಕ್ಕು ಎರಡು. ಕುಶಾಲನಗರದಿಂದ ಮಡಿಕೇರಿಗೆ ಎರಡು ಬಸ್ಸು ಒಂದರ ಹಿಂದೆ ಒಂದು ಹೊರಟಿವೆ ಅನ್ನಿ. ಮುಂದೆ ಹೋಗುತ್ತಿರುವ ಬಸ್ಸು ಮೊದಲು ಸ್ಟ್ಯಾಂಡ್ ಸೇರುತ್ತದೆ. ಆದರೆ ಸುಂಟಿಕೊಪ್ಪದಲ್ಲಿ ನಿಂತವನು “ನಾನು ಮುಂದಿನ ಬಸ್ಸಿಗೆ ಬರ್ತೀನಿ” ಅಂದರೆ ಅದು ಹಿಂದಿನಿಂದ ಬರುತ್ತಿರುವ ಬಸ್ಸು. ನಮಗೆ ಇದು ಬಾಯಿಪಾಠ, ಎಡವುವುದೇ ಇಲ್ಲ. ಎಡವುವುದು ಇಂಗ್ಲಿಷ್ ಪದವನ್ನು ‘ಮುಂದೆ’ ಅಂತ ಕನ್ನಡಕ್ಕೆ ತಂದು, ಆಮೇಲೆ ಆ ‘ಮುಂದೆ’ಯನ್ನು ಕನ್ನಡದ ಲೆಕ್ಕದಲ್ಲಿ ಓದಿದಾಗ. ನಿಮ್ಮ ಚಿಕ್ಕಪ್ಪ ಮಾಡಿದ್ದು ಅಷ್ಟೇ.

ನಾನು ಹೊಸ ಜೂನಿಯರುಗಳಿಗೆ ಹೇಳುತ್ತಿದ್ದದ್ದು ಇದು. ಅಡ್ವಾನ್ಸ್ ಆದದ್ದು ತಾನಾಗಿಯೇ ನಡೆಯುವ ವಸ್ತುವಾ, ಅಥವಾ ಯಾರೋ ಅದನ್ನು ಜರುಗಿಸಿದರಾ, ನೋಡಿ. ಸೈನ್ಯ, ಮಳೆ, ಬೆಲೆ, ವಯಸ್ಸು, ಕಾಯಿಲೆ ತಾವಾಗಿಯೇ ನಡೆಯುತ್ತವೆ. ಅವು ಮುಂದುವರಿಯುತ್ತವೆ. ದಿನಾಂಕ ತಾನಾಗಿ ನಡೆಯುವುದಿಲ್ಲ. ಯಾರೋ ಅದನ್ನು ನಮ್ಮ ಹತ್ತಿರಕ್ಕೆ ಎಳೆಯುತ್ತಾರೆ. ಹಣವೂ ಹಾಗೇ. ಕೆಲಸ ಆಗುವ ಮೊದಲೇ ಕೈಗೆ ಬಂದರೆ ಅಡ್ವಾನ್ಸ್. ವಾದವನ್ನು ಅಡ್ವಾನ್ಸ್ ಮಾಡುವುದು ಅಂತ ಜಡ್ಜ್‌ಮೆಂಟುಗಳಲ್ಲಿ ಬರುತ್ತದೆ. ಅದು ಮಂಡಿಸುವುದು, ಅಲ್ಲಿ ಬೇಗ ತಡ ಇಲ್ಲ.

---

ಗೋಣಿಕೊಪ್ಪ ಗ್ಯಾರೇಜ್ ಬರೆದದ್ದು:

ಗುಮಾಸ್ತರು ಹೇಳಿದ್ದು ನೂರಕ್ಕೆ ನೂರು. ನಮ್ಮ ಕೆಲಸದಲ್ಲೂ ಅಡ್ವಾನ್ಸ್ ಅಂದರೆ ಬೇಗ. ಇದನ್ನು ಇಂಗ್ಲಿಷ್ ಪುಸ್ತಕ ನೋಡಿ ಕಲಿತದ್ದಲ್ಲ, ಹಳೇ ಪೆಟ್ರೋಲ್ ಜೀಪು ಕಲಿಸಿದ್ದು.

ಪಿಸ್ಟನ್ ಮೇಲೆ ಬಂದು ತುದಿ ಮುಟ್ಟಿದ ಮೇಲೆ ಕಿಡಿ ಹಾರುತ್ತದೆ ಅಂತ ಸುಮಾರು ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ತುದಿ ಮುಟ್ಟುವುದಕ್ಕೆ ಕೆಲವು ಡಿಗ್ರಿ ಮೊದಲೇ ಪ್ಲಗ್ಗಿನಲ್ಲಿ ಕಿಡಿ ಬರಬೇಕು. ಪೆಟ್ರೋಲ್ ಉರಿಯಲು ಸ್ವಲ್ಪ ಸಮಯ ಬೇಕಲ್ಲ. ಉರಿದು ಒತ್ತಡ ಏರುವಷ್ಟರಲ್ಲಿ ಪಿಸ್ಟನ್ ತುದಿ ದಾಟಿ ಕೆಳಗೆ ಹೊರಟಿರಬೇಕು, ಆಗ ತಳ್ಳು ಸರಿಯಾಗಿ ಸಿಗುತ್ತದೆ. ಇಂಜಿನ್ ಜೋರಾಗಿ ತಿರುಗಿದಷ್ಟೂ ಕಿಡಿ ಇನ್ನೂ ಮೊದಲು ಬೇಕು. ಅದಕ್ಕೆ ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ಎರಡು ಪುಟ್ಟ ತೂಕ, ಎರಡು ಸ್ಪ್ರಿಂಗ್ ಇರುತ್ತದೆ. ತಿರುಗುವ ವೇಗಕ್ಕೆ ತೂಕ ಹೊರಗೆ ಸರಿಯುತ್ತದೆ, ಟೈಮಿಂಗ್ ಅಡ್ವಾನ್ಸ್ ಆಗುತ್ತದೆ. ಸ್ಪ್ರಿಂಗ್ ಸಡಿಲ ಆದರೆ ಬೇಕಾದ್ದಕ್ಕಿಂತ ಮೊದಲೇ ಆಗಿಬಿಡುತ್ತದೆ.

ಮೊನ್ನೆ ಒಬ್ಬರು ಜೀಪು ತಂದರು. ಸಂಪಾಜೆ ಘಾಟಿಯಲ್ಲಿ ಮೂರನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಒತ್ತಿದರೆ ಬಾನೆಟ್ ಒಳಗಿನಿಂದ ಗೋಲಿ ಅಲ್ಲಾಡಿಸಿದ ಹಾಗೆ ಟಕಟಕ ಶಬ್ದ. ಬೆಳಿಗ್ಗೆ ಹ್ಯಾಂಡಲ್ ಹಾಕಿ ತಿರುಗಿಸಿದರೆ ಹ್ಯಾಂಡಲ್ ವಾಪಸ್ ಒದೆಯುತ್ತದೆ. ಇಂಜಿನ್ನೇ ಬಿಚ್ಚಬೇಕು ಅಂತ ಬೇರೆ ಕಡೆ ಹೇಳಿದ್ದರಂತೆ. ಡಿಸ್ಟ್ರಿಬ್ಯೂಟರ್ ಕ್ಲ್ಯಾಂಪಿನ ಒಂದು ಬೋಲ್ಟ್ ಸಡಿಲ ಮಾಡಿದೆ. ಅದರೊಳಗಿನ ರೋಟರ್ ತಿರುಗುವ ದಿಕ್ಕಿಗೇ ಡಿಸ್ಟ್ರಿಬ್ಯೂಟರ್ ಬಾಡಿಯನ್ನು ಒಂದು ಕೂದಲೆಳೆಯಷ್ಟು ತಿರುಗಿಸಿದೆ. ಹಾಗೆ ತಿರುಗಿಸಿದರೆ ಕಿಡಿ ತಡ ಆಗುತ್ತದೆ, ಎದುರು ದಿಕ್ಕಿಗೆ ತಿರುಗಿಸಿದರೆ ಬೇಗ. ಟೈಮಿಂಗ್ ಲೈಟ್ ಹಿಡಿದು ಪುಲ್ಲಿಯ ಗುರುತು ನೋಡಿ ಬೋಲ್ಟ್ ಬಿಗಿ ಮಾಡಿದೆ. ಮುಗಿಯಿತು. ಕಿಡಿ ಬೇಗ ಬಂದು, ಇನ್ನೂ ಮೇಲೆ ಬರುತ್ತಿರುವ ಪಿಸ್ಟನ್ನನ್ನು ತಲೆ ಮೇಲೆ ಹೊಡೆಯುತ್ತಿತ್ತು ಅಷ್ಟೇ.

ನೋಡಿ, ಇಲ್ಲೂ ಅಡ್ವಾನ್ಸ್ ಜಾಸ್ತಿ ಆದರೆ ತೊಂದರೆ, ಕಡಿಮೆ ಆದರೂ ತೊಂದರೆ. ಕಡಿಮೆ ಆದರೆ ರಿಟಾರ್ಡ್ ಅನ್ನುತ್ತೇವೆ. ಗಾಡಿ ಎಳೆಯುವುದಿಲ್ಲ, ಬಿಸಿ ಆಗುತ್ತದೆ, ಸೈಲೆನ್ಸರಿನಲ್ಲಿ ಪಟಾಕಿ ಹೊಡೆಯುತ್ತದೆ. ಈಗಿನ ಗಾಡಿಗಳಲ್ಲಿ ಇದನ್ನೆಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತದೆ, ನಮಗೆ ಕೈ ಹಾಕಲು ಜಾಗವಿಲ್ಲ.

---

ಕಣದ ಕಾಫಿ ಬರೆದದ್ದು:

ಸಿದ್ದಾಪುರ ಕಡೆಯವನು. ರೊಬಸ್ಟಾ ಅಡ್ವಾನ್ಸ್ ಅಂತ ಪೇಪರಿನಲ್ಲಿ ಬಂದರೆ ಲಂಡನ್ ಮಾರ್ಕೆಟ್ಟಿನಲ್ಲಿ ಬೆಲೆ ಏರಿತು ಅಂತ ಅರ್ಥ. ರೊಬಸ್ಟಾ ಅಲ್ಲಿ ಟನ್ನಿಗೆ ಇಷ್ಟು ಡಾಲರ್ ಅಂತ, ಅರೇಬಿಕಾ ನ್ಯೂಯಾರ್ಕಿನಲ್ಲಿ ಪೌಂಡಿಗೆ ಇಷ್ಟು ಸೆಂಟ್ ಅಂತ. ನಮ್ಮಲ್ಲಿ 50 ಕೆ.ಜಿ. ಚೀಲದ ಲೆಕ್ಕ. ಅಲ್ಲಿ ಅಡ್ವಾನ್ಸ್ ಆದದ್ದು ಇಲ್ಲಿಗೆ ಬಂದು ಮುಟ್ಟಲು ಯಾವಾಗಲೂ ತಡ. ಅಲ್ಲಿ ಇಳಿದದ್ದು ಮಾತ್ರ ಅದೇ ಸಂಜೆ ಬರುತ್ತದೆ. ಇದು ಯಾವ ವ್ಯಾಕರಣವೋ ಗೊತ್ತಿಲ್ಲ.

ನಾನು ಹೇಳಬೇಕಾದದ್ದು ಇನ್ನೊಂದು ಅಡ್ವಾನ್ಸ್ ಬಗ್ಗೆ. ಮಳೆಗಾಲದಲ್ಲಿ ಮಕ್ಕಳ ಫೀಸು, ಗೊಬ್ಬರ, ಕಪಾತಿನ (ಗಿಡ ಸವರುವ) ಖರ್ಚು ಎಲ್ಲ ಒಟ್ಟಿಗೆ ಬರುತ್ತದೆ. ಕೈಯಲ್ಲಿ ಕಾಫಿ ಇರುವುದಿಲ್ಲ. ಆಗ ವ್ಯಾಪಾರಿಯೊಬ್ಬರ ಹತ್ತಿರ ಅಡ್ವಾನ್ಸ್ ತಂದಿದ್ದೆ. ಕೊಡುವಾಗ ಕಾಫಿ ಟೀ ಎಲ್ಲ ಆಯಿತು. ಕೊಯ್ಲಾಗಿ ಚೆರ್ರಿ ಕಣದಲ್ಲಿ ಒಣಗುವ ಹೊತ್ತಿಗೆ ಪಕ್ಕದ ಊರಿನಲ್ಲಿ ಚೀಲಕ್ಕೆ ಜಾಸ್ತಿ ಕೊಡುತ್ತಿದ್ದರು. ನನಗೆ ಹೋಗುವ ಹಾಗಿಲ್ಲ. ತೇವಾಂಶ ಅವರೇ ನೋಡುವುದು, ಔಟ್‌ಟರ್ನ್ (ಒಣ ಚೆರ್ರಿಯಿಂದ ಎಷ್ಟು ಬೀಜ ಸಿಗುತ್ತದೆ ಅನ್ನುವ ಲೆಕ್ಕ) ಅವರೇ ತೆಗೆಯುವುದು, ಬೆಲೆ ಅವರೇ ಹೇಳುವುದು. ಬಡ್ಡಿ ಇಲ್ಲ ಅಂತ ಬಾಯಲ್ಲಿ ಹೇಳಿದ್ದರು. ಬಡ್ಡಿ ಔಟ್‌ಟರ್ನಿನಲ್ಲಿ ಹೋಯಿತು.

ನಾನಾದರೂ ತೋಟ ಇರುವವನು. ತೋಟದ ಲೈನ್ ಮನೆಯಲ್ಲಿ ಇರುವ ಕೂಲಿಯವರ ಅಡ್ವಾನ್ಸ್ ನೋಡಿ. ಮದುವೆಗೋ ಆಸ್ಪತ್ರೆಗೋ ಅಂತ ಒಂದಿಷ್ಟು ತೆಗೆದುಕೊಂಡಿರುತ್ತಾರೆ. ಅದು ತೀರುವವರೆಗೆ ಬೇರೆ ತೋಟಕ್ಕೆ ಹೋಗಬಾರದು. ಕೂಲಿಯಲ್ಲಿ ಮುರಿದುಕೊಳ್ಳುತ್ತಾ ಹೋದರೂ ಮುಂದಿನ ವರ್ಷ ಲೆಕ್ಕದಲ್ಲಿ ಅಷ್ಟೇ ಉಳಿದಿರುತ್ತದೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ತೆರೆದು ನೋಡಿ. ವ್ಯಾಖ್ಯೆಗಳ ಪಟ್ಟಿಯಲ್ಲಿ ಮೊದಲು ಬರುವುದೇ ಅಡ್ವಾನ್ಸ್. ನಗದಾಗಿಯಾಗಲಿ, ವಸ್ತುವಾಗಿಯಾಗಲಿ ಒಬ್ಬ ಇನ್ನೊಬ್ಬನಿಗೆ ಕೊಟ್ಟದ್ದು ಅಂತ. ಆ ಹಣಕ್ಕೆ ಬದಲಾಗಿ ಮನುಷ್ಯನನ್ನು ಕಟ್ಟಿಹಾಕಿದರೆ ಅದು ಜೀತ, ಅಪರಾಧ. ಓದಿದರೆ ತೂಕಡಿಕೆ ಬರುವ ಹಾಗಿದ್ದರೂ ಆ ಪುಟವನ್ನು ನಮ್ಮ ಕಡೆಯ ಪ್ರತಿಯೊಬ್ಬರೂ ಓದಬೇಕು. ಎಲ್ಲಾ ತೋಟಗಳೂ ಹಾಗೆ ಅಂತ ನಾನು ಹೇಳುತ್ತಿಲ್ಲ. ಹಾಗೆ ಇಲ್ಲವೇ ಇಲ್ಲ ಅಂತ ಯಾರಾದರೂ ಹೇಳಿದರೆ ಒಪ್ಪುವುದೂ ಇಲ್ಲ.

---

ನಿವೃತ್ತ ಸುಬೇದಾರ್ ಬರೆದದ್ದು:

ಗುಮಾಸ್ತರೇ, ಒಪ್ಪಿದೆ. ಯೋಚನೆ ಮಾಡಿದರೆ ಸೇನೆಯಲ್ಲೂ ನಿಮ್ಮ ಅಡ್ವಾನ್ಸ್ ಇದೆ. ಯೂನಿಟ್ ಜಾಗ ಬದಲಿಸುವ ಮೊದಲು ಅಡ್ವಾನ್ಸ್ ಪಾರ್ಟಿ ಹೋಗುತ್ತದೆ. ಟೆಂಟ್, ನೀರು, ಅಡುಗೆ ಎಲ್ಲ ಅವರದ್ದೇ ಜವಾಬ್ದಾರಿ. ಅವರು ಮುಂದೆಯೂ ಹೋಗುತ್ತಾರೆ, ಮೊದಲೂ ಹೋಗುತ್ತಾರೆ. ನಾನು ಸುಮಾರು ಸಲ ಹೋಗಿದ್ದೇನೆ. ಮೊದಲು ಹೋದವನಿಗೆ ಒಳ್ಳೇ ಜಾಗ ಸಿಗುತ್ತದೆ ಅನ್ನುವುದೆಲ್ಲ ಸುಳ್ಳು. ಒಳ್ಳೇ ಜಾಗ ಆಫೀಸರಿಗೆ.

---

ಪೊನ್ನಂಪೇಟೆ ವಾಚನಾಲಯ ಬರೆದದ್ದು:

ಒಳ್ಳೇ ಚರ್ಚೆ. ಎರಡು ವಿಷಯ ಸೇರಿಸುತ್ತೇನೆ.

ಮೊದಲನೆಯದು, ಇಂಗ್ಲಿಷ್ ಮಾತಾಡುವವರಿಗೇ ಈ ಗೊಂದಲ ಇದೆ. ‘ಬುಧವಾರದ ಮೀಟಿಂಗ್ ಎರಡು ದಿನ ಮೂವ್ಡ್ ಫಾರ್ವರ್ಡ್ ಆಗಿದೆ. ಈಗ ಯಾವ ದಿನ?’ ಅಂತ ಕೇಳಿದರೆ ಒಂದಿಷ್ಟು ಜನ ಸೋಮವಾರ ಅನ್ನುತ್ತಾರೆ, ಒಂದಿಷ್ಟು ಜನ ಶುಕ್ರವಾರ. ಲೆರಾ ಬೊರೊಡಿಟ್ಸ್ಕಿ, ಮೈಕಲ್ ರಾಮ್‌ಸ್ಕರ್ ಅನ್ನುವ ಇಬ್ಬರು ಸಂಶೋಧಕರು ಇದನ್ನು ವಿಮಾನ ನಿಲ್ದಾಣದಲ್ಲಿ ಕೇಳಿ 2002ರಲ್ಲಿ ಪ್ರಕಟಿಸಿದರು. ಯಾರನ್ನೋ ಕರೆದೊಯ್ಯಲು ಬಂದು ಕಾಯುತ್ತಾ ನಿಂತವರಿಗಿಂತ, ಆಗಷ್ಟೇ ವಿಮಾನದಿಂದ ಇಳಿದವರಲ್ಲಿ ಶುಕ್ರವಾರ ಅಂದವರು ಜಾಸ್ತಿ. ತಾವೇ ಮುಂದೆ ಹೋಗುತ್ತಿದ್ದೇವೆ ಅನ್ನುವ ಭಾವನೆ ಇದ್ದವರಿಗೆ ದಿನಾಂಕವೂ ತಮ್ಮ ದಿಕ್ಕಿಗೇ ಹೋಗುತ್ತದೆ. ಸುಮ್ನೆ ಕುಳಿತವರಿಗೆ ದಿನಾಂಕ ತಮ್ಮ ಕಡೆ ಬರುತ್ತದೆ. ಅಡ್ವಾನ್ಸ್ ಪದಕ್ಕೆ ಇಷ್ಟು ಗೊಂದಲ ಇಲ್ಲ. ದಿನಾಂಕದ ಜೊತೆ ಬಂದರೆ ನಿಘಂಟುಗಳು ಬೇಗ ಅಂತಲೇ ಹೇಳುತ್ತವೆ. ನಮ್ಮವರು ‘ಪ್ರಿಪೋನ್’ ಅಂತ ಒಂದು ಪದವನ್ನು ಓಡಿಸಿಕೊಂಡು ಬಂದದ್ದು ಒಳ್ಳೆಯದೇ ಆಯಿತು. ಕೆಲವರು ನಗುತ್ತಾರೆ, ಆದರೆ ಅದನ್ನು ಕೇಳಿ ಯಾರೂ ಮಾರ್ಚ್ 12ಕ್ಕೆ ಹೋಗುವುದಿಲ್ಲ.

ಎರಡನೆಯದು ಗಡಿಯಾರ. ಗಡಿಯಾರವನ್ನು ಒಂದು ಗಂಟೆ ಅಡ್ವಾನ್ಸ್ ಮಾಡಿ ಅಂದರೆ ಮುಳ್ಳು ಮುಂದೆ ಹೋಗಬೇಕು, ಆರು ಇದ್ದದ್ದು ಏಳಾಗಬೇಕು. ಇಲ್ಲಿ ಅಂಕಿ ದೊಡ್ಡದಾಗುತ್ತದೆ. ಎರಡನೇ ಮಹಾಯುದ್ಧದಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ, ಇಡೀ ಭಾರತದ ಗಡಿಯಾರ ಹೀಗೆ ಒಂದು ಗಂಟೆ ಮುಂದೆ ಇತ್ತು. ಅಸ್ಸಾಮಿನ ಚಹಾ ತೋಟಗಳಲ್ಲಿ ಇವತ್ತಿಗೂ ‘ಬಾಗಾನ್ ಟೈಮ್’ ಅಂತ ಒಂದು ಗಂಟೆ ಮುಂದಿನ ಲೆಕ್ಕ ಇದೆ. ಅಂಕಿ ಮುಂದೆ ಹೋದರೂ ಕೂಲಿಯವರು ಹಾಸಿಗೆ ಬಿಟ್ಟು ಏಳುವುದು ಮಾತ್ರ ಒಂದು ಗಂಟೆ ಮೊದಲು. ಹಾಗಾಗಿ ಕೊನೆಗೆ ಇದೂ ಗುಮಾಸ್ತರ ಕಡೆಗೇ ಬಂತು.

---

ಮಾದಾಪುರದ ಮಳೆ ಬರೆದದ್ದು:

ಎಲ್ಲರಿಗೂ ಥ್ಯಾಂಕ್ಸ್. ಆಪ್ ನೋಡಿದೆ, ಫೆಬ್ರವರಿ 12. ಗುಮಾಸ್ತ ಅಂಕಲ್, ರಾಜಿ ಅಂತ ನೀವು ಹೇಗೆ ಹೇಳಿದಿರೋ! ದೊಡ್ಡಪ್ಪನ ಮಗ ಮೈಸೂರಿನಿಂದ ಅಜ್ಜಿಗೆ ಫೋನ್ ಮಾಡಿದ್ದನಂತೆ. ಅಜ್ಜಿ ಯಾರಿಗೂ ಹೇಳಿರಲಿಲ್ಲ. ಚಿಕ್ಕಪ್ಪ ಈಗ ಅಜ್ಜಿಯ ಮೇಲೆ ಕೋಪ ಮಾಡಿಕೊಂಡು ಕಣದಲ್ಲಿ ಒಬ್ಬರೇ ಕಾಫಿ ಕೆದಕುತ್ತಿದ್ದಾರೆ.

ಮಾನ್ಸೂನ್ ವಿಷಯ ಯಾರೂ ಹೇಳಲಿಲ್ಲ. ‘ಮಾನ್ಸೂನ್ ಅಡ್ವಾನ್ಸ್ಡ್’ ಅಂದರೆ ಬೇಗ ಬಂತಾ, ಮುಂದೆ ಹೋಯಿತಾ? ಆಮೇಲೆ ಸಂವಿಧಾನದ 15(4)ನೇ ವಿಧಿಯಲ್ಲಿ ‘ಅಡ್ವಾನ್ಸ್‌ಮೆಂಟ್’ ಅಂತ ಇದೆ. ಅದನ್ನು ಕನ್ನಡದಲ್ಲಿ ಏನಂತ ಬರೆಯಲಿ?

---

ಕಣದ ಕಾಫಿ ಬರೆದದ್ದು:

ಮಾನ್ಸೂನ್ ನಾನು ಹೇಳುತ್ತೇನೆ, ನಮ್ಮ ಹೊಟ್ಟೆಪಾಡು ಅದು. ಹವಾಮಾನ ಇಲಾಖೆಯವರು ಅಡ್ವಾನ್ಸ್ ಅಂದರೆ ಮಳೆ ಮಾರುತ ಇನ್ನಷ್ಟು ಉತ್ತರಕ್ಕೆ ಹೋಯಿತು ಅಂತ. ಕೇರಳ ದಾಟಿತು, ಕರ್ನಾಟಕದ ಇಷ್ಟು ಭಾಗ ಆವರಿಸಿತು, ಹೀಗೆ. ಮ್ಯಾಪಿನಲ್ಲಿ ಗೆರೆ ಎಳೆದು ತೋರಿಸುತ್ತಾರೆ. ಇದು ಸುಬೇದಾರ್ ಸಾಹೇಬರ ಅಡ್ವಾನ್ಸ್, ವಾಪಸ್ ಹೋಗುವಾಗ ವಿತ್‌ಡ್ರಾಯಲ್ ಅಂತಲೇ ಅನ್ನುತ್ತಾರೆ. ಬೇಗ ಬಂದರೆ ‘ಅರ್ಲಿ ಆನ್‌ಸೆಟ್’ ಅನ್ನುವುದು. 2025ರಲ್ಲಿ ಕೇರಳಕ್ಕೆ ಜೂನ್ 1ರ ಬದಲು ಮೇ 24ಕ್ಕೇ ಬಂದಿತ್ತಲ್ಲ, ಅದು. ಪೇಪರಿನವರು ಎರಡನ್ನೂ ಕಲಸಿಬಿಡುತ್ತಾರೆ. ಹೆಡ್‌ಲೈನ್ ಬಿಟ್ಟು ಕೆಳಗೆ ತಾರೀಖು, ಊರು ಏನು ಬರೆದಿದೆ ನೋಡಿ.

ನಮಗೆ ಈಗ ಚಿಂತೆ ಅದಲ್ಲ, ಕಾಫಿ ಹೂವು ಅರಳಿಸುವ ಹೂಮಳೆ. ಕೊಯ್ಲು ಮುಗಿಯುವ ಮೊದಲೇ ಬಂದರೆ ಗಿಡದಲ್ಲಿ ಹಣ್ಣೂ ಹೂವೂ ಒಟ್ಟಿಗೆ. ಕೊಯ್ಯುವವರ ಕೈ ತಗುಲಿ ಹೂವು ಉದುರುತ್ತದೆ, ಕಣದಲ್ಲಿರುವ ಕಾಫಿಯೂ ನೆನೆಯುತ್ತದೆ. ನಿಮ್ಮ ಚಿಕ್ಕಪ್ಪನಿಗೆ ಹೇಳಿ, 12ಕ್ಕೆ ಮೊದಲು ಒಂದು ರೌಂಡ್ ಕೊಯ್ಲು ಮುಗಿಸಿಕೊಳ್ಳಲಿ.

---

ಹಳೇ ಗುಮಾಸ್ತ ಬರೆದದ್ದು:

15(4) 1951ರಲ್ಲಿ, ಮೊದಲನೇ ತಿದ್ದುಪಡಿಯಲ್ಲಿ ಸೇರಿದ್ದು. ಮದ್ರಾಸಿನ ಚಂಪಕಂ ದೊರೈರಾಜನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕಾಲೇಜು ಸೀಟಿನ ಮೀಸಲಾತಿಯನ್ನು ಹೊಡೆದು ಹಾಕಿತ್ತು, ಅದಕ್ಕೆ ಉತ್ತರವಾಗಿ ತಂದರು. ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದ ವರ್ಗಗಳ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಅಡ್ವಾನ್ಸ್‌ಮೆಂಟಿಗೆ ಸರ್ಕಾರ ವಿಶೇಷ ಏರ್ಪಾಡು ಮಾಡಬಹುದು ಅಂತ. ಅಲ್ಲಿ ತಾರೀಖೂ ಇಲ್ಲ, ಹಣವೂ ಇಲ್ಲ. ಪರೀಕ್ಷೆಯಲ್ಲಿ ‘ಏಳಿಗೆ’ ಅಂತ ಬರೆಯಿರಿ, ಯಾರೂ ಮಾರ್ಕ್ಸ್ ಕತ್ತರಿಸುವುದಿಲ್ಲ. ‘ಮುನ್ನಡೆ’ಯೂ ನಡೆಯುತ್ತದೆ, ಚುನಾವಣಾ ಫಲಿತಾಂಶದ ವಾಸನೆ ಬರುತ್ತದೆ ಅಷ್ಟೇ.

ರಾಜಿ ಅಂತ ಖಾತ್ರಿಯಾದರೆ 12ಕ್ಕೆ ಎಲ್ಲ ಪಾಲುದಾರರೂ ಬರಬೇಕು. ಅಜ್ಜಿ ಪಾರ್ಟಿ ಆಗಿದ್ದರೆ ಅವರೂ. ಎಲ್ಲರ ಆಧಾರ್ ಕಾರ್ಡ್, ಜೆರಾಕ್ಸ್ ತನ್ನಿ. ರಾಜಿ ಅರ್ಜಿಯ ಕರಡನ್ನು ವಕೀಲರಿಂದ ಹಿಂದಿನ ದಿನವೇ ತರಿಸಿಕೊಂಡು ಸರ್ವೆ ನಂಬರ್, ಎಕರೆ, ಸೆಂಟ್ಸ್, ಚೆಕ್ಕುಬಂದಿ ಒಂದೊಂದಾಗಿ ಆರ್‌ಟಿಸಿ ಜೊತೆ ಹೋಲಿಸಿ ನೋಡಿ. ನೀರಿನ ದಾರಿ, ಕಣಕ್ಕೆ ಹೋಗುವ ರಸ್ತೆ ಯಾರಿಗೆ ಅಂತ ಬರೆದಿದೆಯಾ ನೋಡಿ, ಇದನ್ನು ಮರೆತು ಮತ್ತೆ ಕೋರ್ಟಿಗೆ ಬಂದವರು ಬಹಳ. ಕೋರ್ಟ್ ಬೆಳಿಗ್ಗೆ ಕೂರುವ ಹೊತ್ತಿಗೆ ಕೋರ್ಟ್ ಹಾಲ್ ಒಳಗೆ ಇರಿ. ಅಜ್ಜಿಗೆ ಒಂದು ಸ್ವೆಟರ್ ಹಾಕಿಸಿ. ಸಹಿಯನ್ನು ಇಂಗ್ಲಿಷಿನಲ್ಲಿ ಮಾಡುತ್ತಾರೋ ಕನ್ನಡದಲ್ಲೋ, ವಕೀಲರಿಗೆ ಬರೆದುಕೊಟ್ಟ ವಕಾಲತ್ತಿನಲ್ಲಿ ಹೇಗಿದೆಯೋ ಹಾಗೇ ಮಾಡಲಿ.